418 ಕಲ್ಲು ತೆಗೆದ ಸುದ್ದಿ ಹೇಳದೆ ಬಿಟ್ಟಿದ್ದೇನು?

2024ರ ಮಾರ್ಚ್‌ನಲ್ಲಿ ಹೈದರಾಬಾದಿನಿಂದ ಒಂದು ಸುದ್ದಿ ಬಂತು. 60 ವರ್ಷದ ರೋಗಿಯೊಬ್ಬರ ಮೂತ್ರಪಿಂಡದಿಂದ ವೈದ್ಯರು 418 ಕಲ್ಲುಗಳನ್ನು ಸಣ್ಣ ರಂಧ್ರದ ಮೂಲಕವೇ ಹೊರತೆಗೆದಿದ್ದರು. ಅದಕ್ಕೂ ಮೊದಲು, 2023ರ ಜೂನ್‌ನಲ್ಲಿ, ಕೊಲಂಬೊದ ಸೇನಾ ಆಸ್ಪತ್ರೆಯಲ್ಲಿ ನಿವೃತ್ತ ಸೈನಿಕರೊಬ್ಬರಿಂದ ತೆಗೆದ ಒಂದೇ ಕಲ್ಲು 13.372 ಸೆಂ.ಮೀ. ಉದ್ದ, 801 ಗ್ರಾಂ ತೂಕವಿದ್ದು ಗಿನ್ನೆಸ್ ದಾಖಲೆಗೆ ಸೇರಿತು. ಇನ್ನೂ ಹಿಂದೆ, 2009ರಲ್ಲಿ, ಮಹಾರಾಷ್ಟ್ರದ ಧುಳೆಯಲ್ಲಿ ಒಬ್ಬರಿಂದ 1,72,155 ಕಲ್ಲು ತೆಗೆದರೆಂಬ ದಾಖಲೆಯೂ ಇದೆ.

ಇಂಥ ಸುದ್ದಿ ಓದಿದವರಿಗೆ ಗೊಂದಲವಾಗುವುದು ಸಹಜ. ನೂರಾರು ಕಲ್ಲುಗಳನ್ನು ಒಂದೇ ಸಲಕ್ಕೆ ತೆಗೆಯಬಹುದಾದರೆ, ತಮ್ಮ ಮನೆಯವರ ಮೂರು ಸೆಂ.ಮೀ. ಕಲ್ಲನ್ನು ‘ಕಾಂಪ್ಲೆಕ್ಸ್’ ಎಂದು ಕರೆದು ಎರಡು ಆಪರೇಷನ್ ಬೇಕಾದೀತು ಎಂದು ವೈದ್ಯರು ಹೇಳುವುದೇಕೆ? ಒಂದು ಆಸ್ಪತ್ರೆ ‘ಲೇಸರ್ ಸಾಕು’ ಎಂದರೆ ಇನ್ನೊಂದು ‘ಬೆನ್ನಿನಿಂದ ತೂತು ಹಾಕಲೇಬೇಕು’ ಎನ್ನುವುದೇಕೆ? ತೆಗೆದ ಎರಡೇ ವರ್ಷಕ್ಕೆ ಅದೇ ಜಾಗದಲ್ಲಿ ಮತ್ತೆ ಕಲ್ಲು ಕಾಣಿಸಿಕೊಳ್ಳುವುದೇಕೆ?

ಹೈದರಾಬಾದಿನ ಸುದ್ದಿಯಲ್ಲಿ ಇನ್ನೊಂದು ಸಂಖ್ಯೆಯೂ ಇತ್ತು. ಆ ರೋಗಿಯ ಮೂತ್ರಪಿಂಡದ ಕಾರ್ಯಶಕ್ತಿ 27 ಶೇಕಡಾಕ್ಕೆ ಇಳಿದಿತ್ತು. 418ನ್ನು ಎಲ್ಲರೂ ನೆನಪಿಟ್ಟುಕೊಂಡರು, 27 ಹಿಂದೆ ಸರಿಯಿತು. ರೋಗಿಯ ಮುಂದಿನ ಬದುಕನ್ನು ತೀರ್ಮಾನಿಸುವುದು ಎರಡನೆಯ ಸಂಖ್ಯೆ. ಕಲ್ಲು ತೆಗೆಯುವುದು ಚಿಕಿತ್ಸೆಯ ನಡುವಿನ ಹಂತ ಮಾತ್ರ. ಅದಕ್ಕೆ ಮುಂಚೆ ಮೂತ್ರಪಿಂಡ ಎಷ್ಟು ಉಳಿದಿದೆ, ಸೋಂಕು ಇದೆಯೇ ಎಂಬುದು ಗೊತ್ತಾಗಬೇಕು. ಆಮೇಲೆ ಕಲ್ಲು ಯಾಕೆ ಹುಟ್ಟಿತು ಎಂಬುದು ಗೊತ್ತಾಗಬೇಕು. ನಮ್ಮಲ್ಲಿ ಈ ಎರಡು ತುದಿಗಳೇ ಹೆಚ್ಚಾಗಿ ಕೈಬಿಟ್ಟುಹೋಗುತ್ತವೆ.

ಎಣಿಕೆಯಿಂದ ಕಷ್ಟ ತಿಳಿಯುವುದಿಲ್ಲ

ಮೂತ್ರಪಿಂಡದ ಒಳಗೆ ಮೂತ್ರ ಸಂಗ್ರಹವಾಗುವ ಜಾಗ ಒಂದೇ ಚೀಲದಂತಿರುವುದಿಲ್ಲ. ನಡುವೆ ಒಂದು ದೊಡ್ಡ ಕುಹರ, ಅದಕ್ಕೆ ಮೇಲೆ, ನಡುವೆ, ಕೆಳಗೆ ಕೂಡಿಕೊಂಡ ಸಣ್ಣ ಸಣ್ಣ ಕೋಣೆಗಳು, ಕೋಣೆಗೂ ಕುಹರಕ್ಕೂ ಮಧ್ಯೆ ಇಕ್ಕಟ್ಟಾದ ಕತ್ತು. ಕುಹರದಲ್ಲಿ ಸಡಿಲವಾಗಿ ಬಿದ್ದಿರುವ ನೂರು ಕಲ್ಲುಗಳನ್ನು ಒಂದೇ ದಾರಿಯಿಂದ ಹೊರಗೆಳೆಯಬಹುದು. ಮೂತ್ರ ಹೊರಹೋಗುವ ದಾರಿ ಕಿರಿದಾಗಿ ಒಳಗೆ ನೀರು ನಿಂತಂತಾದಾಗ ಇಂಥ ಗುಂಡಗಿನ ಪುಟ್ಟ ಕಲ್ಲುಗಳು ರಾಶಿರಾಶಿಯಾಗಿ ಹುಟ್ಟುವುದುಂಟು. ಅಲ್ಲಿ ಎಣಿಕೆ ದೊಡ್ಡದು, ತೆಗೆಯುವ ಕೆಲಸ ಅಷ್ಟು ಜಟಿಲವಲ್ಲ. ಆದರೆ ಕಿರಿದಾದ ದಾರಿಯನ್ನು ಸರಿಪಡಿಸದೆ ಬಿಟ್ಟರೆ ಕಲ್ಲು ಮತ್ತೆ ತುಂಬಿಕೊಳ್ಳುತ್ತದೆ.

ಇದಕ್ಕೆ ವಿರುದ್ಧವಾದದ್ದು ಸ್ಟಾಗ್‌ಹಾರ್ನ್ ಕಲ್ಲು. ಕುಹರದಲ್ಲಿ ಬುಡ ಊರಿ, ಒಂದೊಂದು ಕೋಣೆಯೊಳಕ್ಕೂ ಒಂದೊಂದು ಕವಲು ಚಾಚಿ, ಜಿಂಕೆಯ ಕೊಂಬಿನ ಹಾಗೆ ಬೆಳೆದಿರುತ್ತದೆ. ಎಣಿಸಿದರೆ ಒಂದೇ ಕಲ್ಲು. ಆದರೆ ಒಂದು ಕೋಣೆಯಿಂದ ಒಳಹೊಕ್ಕ ಉಪಕರಣ ಪಕ್ಕದ ಕೋಣೆಯ ಕವಲನ್ನು ಮುಟ್ಟಲು ಇಕ್ಕಟ್ಟಾದ ಕತ್ತನ್ನು ದಾಟಿ ತಿರುಗಬೇಕು. ಹೆಚ್ಚು ತಿರುಗಿಸಿದರೆ ಕತ್ತು ಹರಿದು ರಕ್ತ ಬರುತ್ತದೆ. ಹೀಗಾಗಿ ಕೆಲವೊಮ್ಮೆ ಎರಡು ಮೂರು ರಂಧ್ರಗಳು ಬೇಕಾಗುತ್ತವೆ.

ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯರು 2011ರಲ್ಲಿ ಪ್ರಕಟಿಸಿದ ಅಳತೆಗೋಲು ಇದನ್ನೇ ಹೇಳುತ್ತದೆ. ಅದರಲ್ಲಿ ಒಂದರಿಂದ ನಾಲ್ಕರವರೆಗೆ ದರ್ಜೆಗಳಿವೆ. ಸಹಜ ರಚನೆಯ ಮೂತ್ರಪಿಂಡದ ಕುಹರದಲ್ಲಿರುವ ಒಂಟಿ ಕಲ್ಲು ಮೊದಲ ದರ್ಜೆ. ಎಲ್ಲ ಕೋಣೆಗಳನ್ನೂ ತುಂಬಿದ ಸ್ಟಾಗ್‌ಹಾರ್ನ್ ನಾಲ್ಕನೆಯದು. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಕಲ್ಲು ಎಷ್ಟೇ ಚಿಕ್ಕದಿದ್ದರೂ ಅದೂ ನಾಲ್ಕನೆಯ ದರ್ಜೆಯೇ, ಏಕೆಂದರೆ ಅವರಲ್ಲಿ ಸೋಂಕು, ಮೂತ್ರ ನಿಲ್ಲುವಿಕೆ, ದೇಹದ ಬಾಗು ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಎರಡೂ ಮೂತ್ರಪಿಂಡಗಳು ಕೆಳತುದಿಯಲ್ಲಿ ಬೆಸೆದುಕೊಂಡಿರುವವರು, ಹುಟ್ಟಿನಿಂದಲೇ ಮೂತ್ರಪಿಂಡ ಕಿಬ್ಬೊಟ್ಟೆಯಲ್ಲಿ ಉಳಿದವರು, ಒಂದೇ ಮೂತ್ರಪಿಂಡ ಇರುವವರು, ಕಸಿ ಮಾಡಿಸಿಕೊಂಡವರು, ಇವರೆಲ್ಲರ ಕಲ್ಲುಗಳನ್ನೂ ವೈದ್ಯರು ಜಟಿಲವೆಂದೇ ಪರಿಗಣಿಸುತ್ತಾರೆ.

ಕಲ್ಲು ಹುಟ್ಟುವ ಬಗೆ

ಮೂತ್ರದಲ್ಲಿ ಕರಗಿರುವ ಲವಣಗಳು ನೀರಿನ ಅಳತೆ ಮೀರಿದಾಗ ಹರಳುಗಟ್ಟುತ್ತವೆ. ಬಹುಪಾಲು ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಉಳಿದವುಗಳಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್, ಯೂರಿಕ್ ಆಮ್ಲ, ಸೋಂಕಿನಿಂದಾಗುವ ಸ್ಟ್ರುವೈಟ್, ಮತ್ತು ತೀರಾ ಅಪರೂಪಕ್ಕೆ ಸಿಸ್ಟೀನ್ ಕಲ್ಲುಗಳಿವೆ.

ಬಿಸಿಲಿನಲ್ಲಿ ದುಡಿದು ಬೆವರುವವರಿಗೆ, ಶೌಚಾಲಯ ಸಿಗದೆ ಹಗಲೆಲ್ಲ ನೀರು ಕುಡಿಯದೆ ಇರುವವರಿಗೆ ಮೂತ್ರ ಕಡಿಮೆಯಾಗಿ ಗಾಢವಾಗುತ್ತದೆ. ಉಪ್ಪು ಹೆಚ್ಚು ತಿಂದರೆ, ಹೆಚ್ಚುವರಿ ಸೋಡಿಯಂ ಹೊರಹೋಗುವಾಗ ಕ್ಯಾಲ್ಸಿಯಂ ಕೂಡ ಅದರ ಜೊತೆಗೆ ಮೂತ್ರಕ್ಕೆ ಇಳಿಯುತ್ತದೆ. ಮಾಂಸಾಹಾರ ಅತಿಯಾದರೆ ಯೂರಿಕ್ ಆಮ್ಲ ಹೆಚ್ಚಿ, ಹರಳುಗಟ್ಟುವುದನ್ನು ತಡೆಯುವ ಸಿಟ್ರೇಟ್ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆ ಮತ್ತು ಬೊಜ್ಜು ಇರುವವರಲ್ಲಿ ಮೂತ್ರ ಹೆಚ್ಚು ಆಮ್ಲೀಯವಾಗುವುದರಿಂದ ಯೂರಿಕ್ ಆಮ್ಲದ ಕಲ್ಲುಗಳು ಜಾಸ್ತಿ.

ಯೂರಿಕ್ ಆಮ್ಲದ ಕಲ್ಲಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸಾಮಾನ್ಯ ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ, ಸಿಟಿ ಸ್ಕ್ಯಾನಿನಲ್ಲಿ ಕಾಣುತ್ತದೆ. ಮೂತ್ರದ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 6.5ರ ಮೇಲೆ ಇರುವಂತೆ ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು, ಸಾಕಷ್ಟು ನೀರು ಕುಡಿಸಿದರೆ, ದೊಡ್ಡ ಕಲ್ಲು ಕೂಡ ತಿಂಗಳುಗಳಲ್ಲಿ ಕರಗಬಲ್ಲದು. ಔಷಧಿಯಿಂದ ನಿಜವಾಗಿ ಕರಗುವ ಕಲ್ಲು ಸಾಮಾನ್ಯವಾಗಿ ಇದೊಂದೇ. ಇದನ್ನು ಗುರುತಿಸದೆ ಆಪರೇಷನ್ ಟೇಬಲ್ ಹತ್ತಿಸಿದರೆ ರೋಗಿ ತಪ್ಪಿಸಬಹುದಾಗಿದ್ದ ಅಪಾಯಕ್ಕೆ ಮೈಯೊಡ್ಡಿದಂತೆ.

ಸೋಂಕು ಕಟ್ಟುವ ಕಲ್ಲು

ಸ್ಟಾಗ್‌ಹಾರ್ನ್ ಕಲ್ಲುಗಳಲ್ಲಿ ಬಹಳಷ್ಟು ಸ್ಟ್ರುವೈಟ್ ಜಾತಿಯವು. ಇದರ ಕಥೆ ಆಹಾರದಿಂದ ಶುರುವಾಗುವುದಿಲ್ಲ, ಬ್ಯಾಕ್ಟೀರಿಯಾದಿಂದ ಶುರುವಾಗುತ್ತದೆ. ಪ್ರೋಟಿಯಸ್, ಕ್ಲೆಬ್ಸಿಯೆಲ್ಲಾದಂತಹ ಕೆಲವು ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ. ಅದು ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಬಿಡುಗಡೆ ಮಾಡುತ್ತದೆ. ಅಮೋನಿಯಾದಿಂದ ಮೂತ್ರ ಕ್ಷಾರೀಯವಾಗುತ್ತದೆ. ಪಿಎಚ್ 7.2 ದಾಟಿದ ಆ ಮೂತ್ರದಲ್ಲಿ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಮೂರೂ ಸೇರಿ ಹರಳಾಗುತ್ತವೆ. ಹರಳು ಬೆಳೆಯುತ್ತಾ ಬ್ಯಾಕ್ಟೀರಿಯಾವನ್ನೂ ತನ್ನೊಳಗೆ ಮುಚ್ಚಿಕೊಳ್ಳುತ್ತದೆ.

ಆಮೇಲೆ ನಡೆಯುವುದು ಒಂದು ಚಕ್ರ. ಆ್ಯಂಟಿಬಯಾಟಿಕ್ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಕಲ್ಲಿನೊಳಗೆ ಅಡಗಿದ್ದನ್ನು ಮುಟ್ಟಲಾರದು. ಮಾತ್ರೆ ನಿಂತ ಕೂಡಲೇ ಒಳಗಿನದು ಹೊರಬರುತ್ತದೆ, ಸೋಂಕು ಮರುಕಳಿಸುತ್ತದೆ, ಕಲ್ಲು ಇನ್ನೂ ದಪ್ಪವಾಗುತ್ತದೆ. ಕೆಲವರಲ್ಲಿ ವಾರಗಳಿಂದ ತಿಂಗಳುಗಳ ಅವಧಿಯಲ್ಲೇ ಇಡೀ ಕುಹರ ತುಂಬಿಹೋಗುತ್ತದೆ. ಮೂತ್ರದ ಸೋಂಕು ಹೆಂಗಸರಲ್ಲಿ ಹೆಚ್ಚಾದ್ದರಿಂದ ಈ ಜಾತಿಯ ಕಲ್ಲೂ ಅವರಲ್ಲೇ ಹೆಚ್ಚು. ಬಹುಕಾಲ ಕ್ಯಾಥೆಟರ್ ಹಾಕಿಕೊಂಡಿರುವವರಲ್ಲೂ ಕಾಣುತ್ತದೆ. ಪದೇ ಪದೇ ‘ಉರಿಮೂತ್ರ’ ಎಂದು ಬಂದು ಪ್ರತಿಸಲವೂ ಐದು ದಿನದ ಮಾತ್ರೆ ಪಡೆದು ಹೋಗುವ ಹೆಂಗಸಿಗೆ ಒಮ್ಮೆಯಾದರೂ ಸ್ಕ್ಯಾನಿಂಗ್ ಮಾಡಿಸಿ ನೋಡಬೇಕಾದ ಕಾರಣ ಇದೇ.

ಈ ಕಲ್ಲಿನಲ್ಲಿ ಒಂದು ಚೂರು ಉಳಿದರೂ ಚಕ್ರ ಮತ್ತೆ ಶುರುವಾಗುತ್ತದೆ. ಆದ್ದರಿಂದಲೇ ‘ಮುಕ್ಕಾಲು ಭಾಗ ತೆಗೆದಿದ್ದೇವೆ’ ಎಂಬ ಮಾತು ಬೇರೆ ಕಲ್ಲುಗಳಿಗೆ ಸಮಾಧಾನವಾದೀತು, ಇದಕ್ಕಾಗದು.

ನೋವಿಲ್ಲ ಎಂಬ ಮೋಸ

ಸಣ್ಣ ಕಲ್ಲು ಮೂತ್ರನಾಳಕ್ಕೆ ಇಳಿದು ಸಿಕ್ಕಿಕೊಂಡಾಗ ಬರುವ ನೋವು ಭಯಂಕರ, ಜನ ಮಧ್ಯರಾತ್ರಿಯೇ ಆಸ್ಪತ್ರೆಗೆ ಓಡುತ್ತಾರೆ. ಕುಹರದಲ್ಲೇ ಕೂತು ಬೆಳೆಯುವ ದೊಡ್ಡ ಕಲ್ಲು ಹಾಗಲ್ಲ. ಸೊಂಟದ ಪಕ್ಕ ಮಂದವಾದ ನೋವು, ಆಗಾಗ ಜ್ವರ, ಸುಸ್ತು, ಅಷ್ಟೇ. ಕೆಲವರಿಗೆ ಅದೂ ಇಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲು ಪತ್ತೆಯಾಗುತ್ತದೆ. ‘ನೋವೇ ಇಲ್ಲವಲ್ಲ, ಆಪರೇಷನ್ ಯಾಕೆ’ ಎಂದು ಮನೆಯವರು ಮುಂದೂಡುತ್ತಾರೆ.

ಮುಂದೂಡಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯದಾದರೂ ಗಟ್ಟಿಯಾದ ದಾಖಲೆಯಿದೆ. 1976ರಲ್ಲಿ ಬ್ಲಾಂಡಿ ಮತ್ತು ಸಿಂಗ್ ಎಂಬ ವೈದ್ಯರು ಬ್ರಿಟನ್ನಿನ ಸ್ಟಾಗ್‌ಹಾರ್ನ್ ರೋಗಿಗಳ ವಿವರ ಪ್ರಕಟಿಸಿದರು. ಆಪರೇಷನ್ ಇಲ್ಲದೆ ಬಿಟ್ಟವರಲ್ಲಿ 10 ವರ್ಷದೊಳಗೆ ಸತ್ತವರು 28 ಶೇಕಡಾ, ಆಪರೇಷನ್ ಆದವರಲ್ಲಿ 7.2 ಶೇಕಡಾ. ಆಗಿನ ಆ್ಯಂಟಿಬಯಾಟಿಕ್, ಆಗಿನ ಡಯಾಲಿಸಿಸ್ ಇಂದಿನಂತಿರಲಿಲ್ಲ ಎಂಬುದು ನಿಜ. ಆಪರೇಷನ್ನಿಗೆ ಆಗದಷ್ಟು ಬಳಲಿದವರೇ ಮೊದಲ ಗುಂಪಿನಲ್ಲಿ ಹೆಚ್ಚಿದ್ದಿರಬಹುದು ಎಂಬ ಆಕ್ಷೇಪವೂ ಸರಿಯಾದದ್ದೇ. ವಯಸ್ಸಾಗಿ ಬೇರೆ ಕಾಯಿಲೆಗಳಿಂದ ಬಳಲುವವರನ್ನು ಎಚ್ಚರದಿಂದ ಗಮನಿಸುತ್ತಾ ಆಪರೇಷನ್ ಇಲ್ಲದೆ ಇಡಬಹುದು ಎಂದು ಈಚೆಗೆ ಕೆಲವು ವೈದ್ಯರು ವಾದಿಸುತ್ತಾರೆ. ಆದರೆ ಅರಿವಳಿಕೆ ತಡೆದುಕೊಳ್ಳುವ ಶಕ್ತಿ ಇರುವವರಲ್ಲಿ ಇಂಥ ಕಲ್ಲನ್ನು ತೆಗೆಯಬೇಕು ಎಂಬುದರಲ್ಲಿ ದೊಡ್ಡ ಭಿನ್ನಾಭಿಪ್ರಾಯವಿಲ್ಲ.

ತೀರಾ ತಡವಾದಾಗ ಮೂತ್ರಪಿಂಡ ಕೀವು ತುಂಬಿದ, ಕೆಲಸ ನಿಲ್ಲಿಸಿದ ಮಾಂಸದ ಮುದ್ದೆಯಾಗಿರುತ್ತದೆ. ಆಗ ಕಲ್ಲನ್ನಷ್ಟೇ ತೆಗೆದು ಪ್ರಯೋಜನವಿಲ್ಲ, ಮೂತ್ರಪಿಂಡವನ್ನೇ ತೆಗೆಯಬೇಕಾಗುತ್ತದೆ. ಯಾವ ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ಪ್ರತ್ಯೇಕವಾಗಿ ತೋರಿಸುವ ಡಿಟಿಪಿಎ ಅಥವಾ ಡಿಎಂಎಸ್‌ಎ ಸ್ಕ್ಯಾನನ್ನು ಇಂಥ ಕಡೆ ವೈದ್ಯರು ಕೇಳುವುದು ಇದಕ್ಕಾಗಿ. ಮೂತ್ರಪಿಂಡ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿದೆ ಎಂಬುದೊಂದನ್ನೇ ನೋಡಿದರೆ ಸಾಲದು, ಒಂದು ಮೂತ್ರಪಿಂಡ ಚೆನ್ನಾಗಿದ್ದರೆ ಇನ್ನೊಂದು ಸತ್ತಿದ್ದರೂ ಅದು ಸಹಜವೆಂದೇ ತೋರಬಹುದು.

ಮೂರು ದಾರಿಗಳು

1970ರ ದಶಕದವರೆಗೆ ದೊಡ್ಡ ಕಲ್ಲಿಗೆ ಪಕ್ಕೆ ಸೀಳುವುದೊಂದೇ ದಾರಿಯಾಗಿತ್ತು. 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಯೊಹಾನ್ಸನ್ ಬೆನ್ನಿನಿಂದ ಮೂತ್ರಪಿಂಡಕ್ಕೆ ಸಣ್ಣ ರಂಧ್ರ ಮಾಡಿ ಕಲ್ಲು ತೆಗೆದು ತೋರಿಸಿದರು. 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ, ವಿಮಾನ ತಯಾರಿಸುವ ಡೋರ್ನಿಯರ್ ಕಂಪನಿಯ ಯಂತ್ರ ಬಳಸಿ, ದೇಹದ ಹೊರಗಿನಿಂದಲೇ ಆಘಾತ ತರಂಗ ಹಾಯಿಸಿ ಕಲ್ಲು ಒಡೆದರು. ಆಮೇಲೆ ಬಾಗುವ ಸಣ್ಣ ದುರ್ಬೀನು ಮತ್ತು ಹೋಲ್ಮಿಯಂ ಲೇಸರ್ ಬಂದು ಮೂರನೆಯ ದಾರಿ ತೆರೆಯಿತು.

ಹೊರಗಿನಿಂದ ಒಡೆಯುವ ಚಿಕಿತ್ಸೆಗೆ ಗಾಯವಿಲ್ಲ, ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಆದರೆ ಒಡೆದ ಚೂರುಗಳು ತಾವಾಗಿಯೇ ಮೂತ್ರದಲ್ಲಿ ಹೊರಬರಬೇಕು. ಕೆಳಗಿನ ಕೋಣೆಯಲ್ಲಿದ್ದರೆ ಚೂರು ಮೇಲಕ್ಕೇರಿ ಬರುವುದು ಕಷ್ಟ. ಸಿಟಿ ಸ್ಕ್ಯಾನಿನಲ್ಲಿ ಸಾಂದ್ರತೆ 1000 ಯೂನಿಟ್ ದಾಟಿದ ಗಟ್ಟಿ ಕಲ್ಲು ಸುಲಭಕ್ಕೆ ಒಡೆಯುವುದಿಲ್ಲ. ದಪ್ಪ ಮೈಯವರಲ್ಲಿ ತರಂಗ ಕಲ್ಲನ್ನು ತಲುಪುವಷ್ಟರಲ್ಲಿ ಬಲ ಕಳೆದುಕೊಳ್ಳುತ್ತದೆ. ಸ್ಟಾಗ್‌ಹಾರ್ನಿಗೆ ಇದೊಂದನ್ನೇ ನೆಚ್ಚಿಕೊಂಡರೆ ಚೂರುಗಳು ಮೂತ್ರನಾಳದಲ್ಲಿ ಸಾಲುಗಟ್ಟಿ ಮೂತ್ರವನ್ನೇ ಕಟ್ಟಿಬಿಡುವ ಅಪಾಯವಿದೆ.

ಆರ್‌ಐಆರ್‌ಎಸ್ ಎಂಬುದರಲ್ಲಿ ಮೂತ್ರದ್ವಾರದಿಂದಲೇ ಸುಮಾರು ಮೂರು ಮಿಲಿಮೀಟರ್ ದಪ್ಪದ ಬಾಗುವ ದುರ್ಬೀನು ಮೂತ್ರಪಿಂಡದವರೆಗೆ ಹೋಗುತ್ತದೆ, ಲೇಸರ್ ಕಲ್ಲನ್ನು ಪುಡಿ ಮಾಡುತ್ತದೆ. ಮೈಮೇಲೆ ಗಾಯವಿಲ್ಲ, ರಕ್ತಸ್ರಾವ ಕಡಿಮೆ, ರಕ್ತ ತೆಳುವಾಗಿಸುವ ಔಷಧಿ ನಿಲ್ಲಿಸಲಾಗದವರಿಗೂ ಸೂಕ್ತ. ಜಾಹೀರಾತಿನಲ್ಲಿ ‘ಕತ್ತರಿ ಇಲ್ಲದ ಲೇಸರ್ ಚಿಕಿತ್ಸೆ’ ಎಂದು ಬರುವುದು ಹೆಚ್ಚಾಗಿ ಇದೇ. ಮಿತಿಯೆಂದರೆ ಸಮಯ. ಕಲ್ಲು ದೊಡ್ಡದಾದಷ್ಟೂ ಪುಡಿ ಮಾಡಲು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಒಳಗೆ ನೀರು ಹಾಯಿಸುತ್ತಿರಬೇಕು. ನೀರಿನ ಒತ್ತಡ ಏರಿದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತದೆ.

ಪಿಸಿಎನ್‌ಎಲ್ ಎನ್ನುವುದು ಬೆನ್ನಿನ ಕಡೆಯ ರಂಧ್ರದ ಆಪರೇಷನ್. ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ನೋಡಿಕೊಂಡು, ಸೂಜಿಯಿಂದ ಸರಿಯಾದ ಕೋಣೆಯ ತುದಿಗೆ ಚುಚ್ಚಿ, ದಾರಿಯನ್ನು ಹಿಗ್ಗಿಸಿ, ಎಂಟರಿಂದ ಹತ್ತು ಮಿಲಿಮೀಟರ್ ಅಗಲದ ಕೊಳವೆ ಇಡುತ್ತಾರೆ. ಕಲ್ಲನ್ನು ಒಡೆದು ಚೂರುಗಳನ್ನು ಅದರ ಮೂಲಕ ಹೊರಗೆಳೆಯುತ್ತಾರೆ. ಇಡೀ ಆಪರೇಷನ್ನಿನ ಜೀವಾಳ ಆ ಮೊದಲ ಚುಚ್ಚುವಿಕೆ. ಹೃದಯ ಪಂಪ್ ಮಾಡುವ ರಕ್ತದ ಐದನೇ ಒಂದು ಭಾಗದಷ್ಟು ಎರಡು ಮೂತ್ರಪಿಂಡಗಳಿಗೆ ಹರಿಯುತ್ತದೆ. ಕೋಣೆಯ ತುದಿಯಿಂದ ಹೋದರೆ ದೊಡ್ಡ ರಕ್ತನಾಳಗಳು ತಪ್ಪುತ್ತವೆ, ಕತ್ತಿನ ಪಕ್ಕದಿಂದ ಹೋದರೆ ಸಿಗುತ್ತವೆ. ಪಕ್ಕೆಲುಬಿನ ಮೇಲಿನಿಂದ ಚುಚ್ಚಬೇಕಾಗಿ ಬಂದರೆ ಶ್ವಾಸಕೋಶದ ಹೊದಿಕೆಗೆ ಗಾಯವಾಗುವ ಸಾಧ್ಯತೆಯಿದೆ.

ಯುರೋಪ್ ಮತ್ತು ಅಮೆರಿಕದ ಯೂರಾಲಜಿ ಸಂಘಗಳ ಮಾರ್ಗಸೂಚಿಗಳು ಎರಡು ಸೆಂ.ಮೀ. ಮೀರಿದ ಮೂತ್ರಪಿಂಡದ ಕಲ್ಲಿಗೆ ಪಿಸಿಎನ್‌ಎಲ್ ಅನ್ನೇ ಮೊದಲ ಆಯ್ಕೆಯೆನ್ನುತ್ತವೆ. ಒಂದರಿಂದ ಎರಡು ಸೆಂ.ಮೀ. ನಡುವೆ ಕಲ್ಲಿನ ಜಾಗ, ಗಡಸುತನ, ರೋಗಿಯ ದೇಹ ನೋಡಿ ತೀರ್ಮಾನಿಸಬೇಕು. ಬಹುಪಾಲು ಗೊಂದಲ ಹುಟ್ಟುವುದು ಈ ನಡುವಿನ ಜಾಗದಲ್ಲೇ.

ಇಬ್ಬರು ವೈದ್ಯರು, ಎರಡು ಮಾತು

ಮಾರ್ಗಸೂಚಿ ಹೀಗಿದ್ದರೂ ಎರಡು ಸೆಂ.ಮೀ. ಮೀರಿದ ಕಲ್ಲಿಗೂ ಆರ್‌ಐಆರ್‌ಎಸ್ ಮಾಡುವ ನುರಿತ ವೈದ್ಯರಿದ್ದಾರೆ. ಅವರ ವಾದ ಇದು: ಥುಲಿಯಂ ಫೈಬರ್ ಲೇಸರ್ ಬಂದ ಮೇಲೆ ಕಲ್ಲು ನುಣ್ಣಗೆ ಪುಡಿಯಾಗುತ್ತದೆ, ದೂಳನ್ನು ಹೀರಿ ತೆಗೆಯುವ ಬಾಗುವ ಕೊಳವೆಗಳು ಬಂದಿವೆ, ಒಳಗಿನ ಒತ್ತಡವೂ ಕಡಿಮೆಯಾಗಿದೆ. ಎರಡು ಕಂತಿನಲ್ಲಿ ಮಾಡಬೇಕಾದರೂ ರಕ್ತಸ್ರಾವದ ಅಪಾಯಕ್ಕಿಂತ ಅದು ಮೇಲು.

ಇನ್ನೊಂದು ಪಕ್ಷದವರು ಎರಡು ಕಂತು ಎಂದರೆ ಎರಡು ಸಲ ಅರಿವಳಿಕೆ, ನಡುವೆ ವಾರಗಟ್ಟಲೆ ಸ್ಟೆಂಟಿನ (ಮೂತ್ರನಾಳದಲ್ಲಿ ಇಡುವ ನಳಿಕೆಯ) ಕಿರಿಕಿರಿ, ಆಸ್ಪತ್ರೆಯ ಎರಡು ಬಿಲ್ ಎನ್ನುತ್ತಾರೆ. ಪಿಸಿಎನ್‌ಎಲ್ ಕೂಡ ಮೊದಲಿನಂತೆ ಉಳಿದಿಲ್ಲ ಎಂಬುದು ಅವರ ಮಾತು. ಸುಮಾರು ಐದರಿಂದ ಏಳು ಮಿಲಿಮೀಟರ್ ಕೊಳವೆಯ ಮಿನಿ ಪಿಸಿಎನ್‌ಎಲ್ ಈಗ ನಮ್ಮ ದೇಶದ ಅನೇಕ ಕಡೆ ರೂಢಿಯಲ್ಲಿದೆ. ಕೊಳವೆಯನ್ನು ಕಿರಿದಾಗಿಸುವ ಈ ಕೆಲಸದಲ್ಲಿ ಗುಜರಾತಿನ ನಡಿಯಾದ್‌ನ ಮೂಲ್ಜಿಭಾಯಿ ಪಟೇಲ್ ಯೂರಾಲಜಿ ಆಸ್ಪತ್ರೆಯ ಮಹೇಶ್ ದೇಸಾಯಿಯವರಂತಹ ಭಾರತೀಯರ ಪಾಲು ದೊಡ್ಡದು. ಕಿರಿದಾದ ಕೊಳವೆಯಿಂದ ರಕ್ತಸ್ರಾವ ಕಡಿಮೆ, ಆದರೆ ದೊಡ್ಡ ಕಲ್ಲಿಗೆ ಹೆಚ್ಚು ಹೊತ್ತು ಬೇಕು, ಒಳಗಿನ ಒತ್ತಡವೂ ಏರಬಹುದು. ಇಲ್ಲಿಯೂ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು. ಪೂರ್ತಿ ತುಂಬಿದ ಸ್ಟಾಗ್‌ಹಾರ್ನಿನಲ್ಲಿ ಬೆನ್ನಿನಿಂದಲೂ ಮೂತ್ರದ್ವಾರದಿಂದಲೂ ಒಟ್ಟಿಗೆ ಹೋಗಿ ಮುಗಿಸುವ ತಂಡಗಳೂ ಇವೆ.

ಹಾಗಾದರೆ ಇಬ್ಬರು ವೈದ್ಯರು ಎರಡು ಮಾತು ಹೇಳಿದಾಗ ಒಬ್ಬರು ಮೋಸ ಮಾಡುತ್ತಿದ್ದಾರೆಂದು ತಿಳಿಯಬೇಕಿಲ್ಲ. ತಮ್ಮ ಕೈ ಪಳಗಿದ ವಿಧಾನವನ್ನು ಅವರು ಹೇಳುತ್ತಿರಬಹುದು. ಆದರೆ ಆಸ್ಪತ್ರೆಯಲ್ಲಿರುವ ಯಂತ್ರವೇ ಚಿಕಿತ್ಸೆಯನ್ನು ನಿರ್ಧರಿಸುವುದೂ ಉಂಟು, ಅದನ್ನು ಮುಚ್ಚಿಡಬಾರದು. ರೋಗಿಯ ಕಡೆಯವರು ಕೇಳಬೇಕಾದ ಪ್ರಶ್ನೆ ‘ಲೇಸರಾ, ಆಪರೇಷನ್ನಾ’ ಎಂಬುದಲ್ಲ. ಈ ಕಲ್ಲು ಒಂದೇ ಸಲಕ್ಕೆ ಪೂರ್ತಿ ಹೋಗುವ ಸಾಧ್ಯತೆ ಎಷ್ಟು, ಉಳಿದರೆ ಮುಂದೇನು, ಎರಡನೆಯ ಸಲದ ಖರ್ಚು ಈಗ ಹೇಳುತ್ತಿರುವುದರಲ್ಲಿ ಸೇರಿದೆಯೇ ಎಂದು ನೇರವಾಗಿ ಕೇಳಬೇಕು.

ಆಪರೇಷನ್ನಿಗೆ ಮುಂಚಿನ ವಾರ

ಕಲ್ಲಿನ ಆಪರೇಷನ್ನಿನಲ್ಲಿ ಜನ ಹೆದರುವುದು ರಕ್ತಕ್ಕೆ. ಜೀವಕ್ಕೆ ಅಷ್ಟೇ ದೊಡ್ಡ ಕುತ್ತು ತರುವುದು ಸೆಪ್ಸಿಸ್, ಅಂದರೆ ಸೋಂಕು ರಕ್ತಕ್ಕೆ ಹರಡಿ ಮೈಯೆಲ್ಲ ನಂಜಾಗುವುದು. ಕಲ್ಲು ಒಡೆದಾಗ ಅದರೊಳಗೆ ಮುಚ್ಚಿಕೊಂಡಿದ್ದ ಬ್ಯಾಕ್ಟೀರಿಯಾ ಬಿಡುಗಡೆಯಾಗುತ್ತದೆ. ಆಪರೇಷನ್ ಚೆನ್ನಾಗಿಯೇ ಮುಗಿದು, ಕೆಲವೇ ಗಂಟೆಗಳಲ್ಲಿ ಚಳಿಜ್ವರ ಬಂದು ರಕ್ತದೊತ್ತಡ ಕುಸಿಯುವುದು ಹೀಗೆ.

ಆದ್ದರಿಂದ ಮೂತ್ರದ ಕಲ್ಚರ್ ಪರೀಕ್ಷೆ (ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ಲ್ಯಾಬಿನಲ್ಲಿ ನೋಡುವುದು) ಇಲ್ಲದೆ ಕಲ್ಲಿನ ಆಪರೇಷನ್ ಮಾಡಬಾರದು. ವರದಿ ಬರಲು ಎರಡು ಮೂರು ದಿನ ಬೇಕು, ಸೋಂಕಿದ್ದರೆ ಮೊದಲು ಸರಿಯಾದ ಆ್ಯಂಟಿಬಯಾಟಿಕ್ ಆಗಬೇಕು. ‘ಬೇಗ ಮುಗಿಸಿ’ ಎಂದು ಒತ್ತಾಯಿಸುವ ಮನೆಯವರು ಈ ಕಾಯುವಿಕೆಯನ್ನು ನಿರ್ಲಕ್ಷ್ಯವೆಂದು ತಪ್ಪು ತಿಳಿಯುತ್ತಾರೆ. ಮೂತ್ರಕೋಶದ ಮೂತ್ರದಲ್ಲಿ ಸೋಂಕು ಕಾಣದಿದ್ದರೂ ಕಲ್ಲಿನೊಳಗೆ ಇರಬಹುದು. ಹಾಗಾಗಿ ಹೊರತೆಗೆದ ಕಲ್ಲಿನ ಚೂರನ್ನೂ ಕಲ್ಚರ್‌ಗೆ ಕಳಿಸುವುದು ಒಳ್ಳೆಯ ಪದ್ಧತಿ.

ಕಲ್ಲು ಅಡ್ಡವಾಗಿ ಮೂತ್ರ ಕಟ್ಟಿದೆ, ಜ್ವರವೂ ಇದೆ ಎಂದಾದರೆ ಅದು ತುರ್ತು. ಆಗ ಕಲ್ಲಿಗೆ ಕೈ ಹಾಕುವಂತಿಲ್ಲ. ಮೊದಲು ಸ್ಟೆಂಟ್ ಅಥವಾ ಬೆನ್ನಿನಿಂದ ಒಂದು ನಳಿಕೆ ಹಾಕಿ ಕೀವು ಮೂತ್ರವನ್ನು ಹೊರಬಿಡಬೇಕು, ಸೋಂಕು ಇಳಿದ ಮೇಲೆ ಕಲ್ಲಿನ ಕೆಲಸ. ‘ಕಲ್ಲು ತೆಗೆಯದೆ ಬರೀ ಪೈಪ್ ಹಾಕಿ ಕಳಿಸಿದರು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಜೀವ ಉಳಿಸಿದ ತೀರ್ಮಾನವೇ ಇರುತ್ತದೆ.

ಪೂರ್ತಿ ಹೋಯಿತೇ?

ಪಿಸಿಎನ್‌ಎಲ್ ಬಗ್ಗೆ ನಡೆದ ಅತಿ ದೊಡ್ಡ ಜಾಗತಿಕ ಅಧ್ಯಯನಗಳಲ್ಲಿ ಒಂದು 2011ರಲ್ಲಿ ಹೊರಬಂತು. 96 ಆಸ್ಪತ್ರೆಗಳ 5,803 ರೋಗಿಗಳ ದಾಖಲೆ ಅದರಲ್ಲಿತ್ತು. ಒಟ್ಟಾರೆ 75.7 ಶೇಕಡಾ ಜನರಲ್ಲಿ ಕಲ್ಲು ಪೂರ್ತಿ ಹೋಗಿತ್ತು. 10.5 ಶೇಕಡಾ ಜನರಿಗೆ ಜ್ವರ ಬಂದಿತ್ತು, 5.7 ಶೇಕಡಾ ಜನರಿಗೆ ರಕ್ತ ಕೊಡಬೇಕಾಗಿತ್ತು. ಸ್ಟಾಗ್‌ಹಾರ್ನ್ ಇದ್ದವರನ್ನು ಬೇರ್ಪಡಿಸಿ ನೋಡಿದರೆ ಚಿತ್ರ ಬದಲಾಗುತ್ತದೆ: ಅವರಲ್ಲಿ ಪೂರ್ತಿ ಕಲ್ಲು ಹೋದದ್ದು 56.9 ಶೇಕಡಾ, ಉಳಿದವರಲ್ಲಿ 82.5 ಶೇಕಡಾ. ಪಳಗಿದ ಕೈಗಳಲ್ಲೂ ಸ್ಟಾಗ್‌ಹಾರ್ನಿನ ಹತ್ತು ರೋಗಿಗಳಲ್ಲಿ ನಾಲ್ವರಿಗೆ ಮೊದಲ ಸಲಕ್ಕೆ ಏನಾದರೂ ಉಳಿಯುತ್ತದೆ ಎಂದಾಯಿತು. ಎರಡನೆಯ ಆಪರೇಷನ್ ಬೇಕಾದೀತು ಎಂದು ಮೊದಲೇ ಹೇಳುವ ವೈದ್ಯರು ಪ್ರಾಮಾಣಿಕರು.

ನಾಲ್ಕು ಮಿಲಿಮೀಟರಿಗಿಂತ ಚಿಕ್ಕ ಚೂರು ಉಳಿದರೆ ಚಿಂತೆಯಿಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. ಅದು ಈಗ ಸಡಿಲವಾಗುತ್ತಿದೆ. ಬೇರೆ ಕಲ್ಲಿಗೆ ಚಿಕಿತ್ಸೆ ಮಾಡುವಾಗ ಜೊತೆಗಿದ್ದ ತೊಂದರೆ ಕೊಡದ ಸಣ್ಣ ಕಲ್ಲುಗಳನ್ನೂ ತೆಗೆದರೆ ಏನಾಗುತ್ತದೆಂದು ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ತೆಗೆಸಿಕೊಂಡವರಲ್ಲಿ 16 ಶೇಕಡಾ, ಬಿಟ್ಟವರಲ್ಲಿ 63 ಶೇಕಡಾ ಜನರಿಗೆ ಮುಂದೆ ಮತ್ತೆ ತೊಂದರೆಯಾಗಿತ್ತು. 73 ಜನರ ಸಣ್ಣ ಅಧ್ಯಯನವಾದರೂ ಅಂತರ ದೊಡ್ಡದು.

ಇದರ ಜೊತೆಗೇ ಹೇಳಬೇಕಾದದ್ದು ಡಿಜೆ ಸ್ಟೆಂಟಿನ ವಿಷಯ. ಆಪರೇಷನ್ ಆದ ಮೇಲೆ ಮೂತ್ರನಾಳದಲ್ಲಿ ಇಡುವ ಈ ಮೃದು ನಳಿಕೆಯನ್ನು ವೈದ್ಯರು ಹೇಳಿದ ದಿನ ಬಂದು ತೆಗೆಸಿಕೊಳ್ಳಬೇಕು, ಸಾಮಾನ್ಯವಾಗಿ ಅದು ಕೆಲವೇ ವಾರಗಳು. ನೋವು ಹೋಯಿತೆಂದು ಊರಿಗೆ ಮರಳಿದವರು ಮರೆತುಬಿಡುತ್ತಾರೆ, ಕೆಲವರಿಗೆ ಒಳಗೆ ನಳಿಕೆ ಇದೆ ಎಂಬುದೇ ಗೊತ್ತಿರುವುದಿಲ್ಲ. ತಿಂಗಳುಗಳು ಕಳೆದಂತೆ ನಳಿಕೆಯ ಮೇಲೆಯೇ ಕಲ್ಲು ಕಟ್ಟುತ್ತದೆ, ಎಳೆದರೆ ಬರುವುದಿಲ್ಲ, ಮೂತ್ರಪಿಂಡವೇ ಹಾಳಾದ ಪ್ರಸಂಗಗಳಿವೆ. ಡಿಸ್ಚಾರ್ಜ್ ಚೀಟಿಯಲ್ಲಿ ತೆಗೆಯಬೇಕಾದ ದಿನಾಂಕವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಟ್ಟರೆ ಆಸ್ಪತ್ರೆಗೆ ಒಂದು ಪೈಸೆ ಖರ್ಚಿಲ್ಲ.

ಬಾಳೆದಿಂಡು, ಹುರುಳಿ, ಟೊಮೆಟೊ ಬೀಜ

ನಮ್ಮ ಮನೆಗಳಲ್ಲಿ ಕಲ್ಲು ಎಂದ ಕೂಡಲೇ ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಾರ್ಲಿ ನೀರು, ಕಾಡುಬಸಳೆ ಎಲೆ ಮುಂದೆ ಬರುತ್ತವೆ. ನಾಲ್ಕೈದು ಮಿಲಿಮೀಟರಿನ ಕಲ್ಲು ಹೆಚ್ಚಿನವರಲ್ಲಿ ತಾನಾಗಿಯೇ ಹೊರಬೀಳುತ್ತದೆ. ಆ ಹೊತ್ತಿನಲ್ಲಿ ಕುಡಿದ ರಸಕ್ಕೆ ಅದರ ಶ್ರೇಯ ಹೋಗುತ್ತದೆ. ರಸದ ನೆಪದಲ್ಲಿ ನೀರು ಹೆಚ್ಚು ಒಳಹೋಗುವುದು ಒಳ್ಳೆಯದೇ. ಆದರೆ ಇವುಗಳಲ್ಲಿ ಯಾವುದೂ ಸ್ಟಾಗ್‌ಹಾರ್ನನ್ನು ಕರಗಿಸುವುದಿಲ್ಲ. ಆರು ತಿಂಗಳು ರಸ ಕುಡಿದು ಕಾದವರು ಆ ಆರು ತಿಂಗಳಲ್ಲಿ ಮೂತ್ರಪಿಂಡದ ಒಂದು ಪಾಲನ್ನು ಕಳೆದುಕೊಂಡಿರಬಹುದು. ಈಗಾಗಲೇ ಕಾರ್ಯಶಕ್ತಿ ಇಳಿದವರಿಗೆ ಪೊಟ್ಯಾಸಿಯಂ ಹೆಚ್ಚಿರುವ ರಸಗಳು ಅಪಾಯವನ್ನೂ ತರಬಹುದು.

ಪಥ್ಯದ ವಿಷಯದಲ್ಲೂ ತಪ್ಪು ತಿಳಿವಳಿಕೆ ಆಳವಾಗಿದೆ. ಟೊಮೆಟೊ ಬೀಜಕ್ಕೆ ಹೆದರುವವರು ಉಪ್ಪಿನಕಾಯಿ, ಹಪ್ಪಳಕ್ಕೆ ಹೆದರುವುದಿಲ್ಲ. ಟೊಮೆಟೊದಲ್ಲಿ ಆಕ್ಸಲೇಟ್ ಕಡಿಮೆ, ಪಾಲಕ್ ಸೊಪ್ಪಿನಲ್ಲಿ ಬಹಳ ಹೆಚ್ಚು. ಕ್ಯಾಲ್ಸಿಯಂ ಕಲ್ಲು ಎಂದು ವರದಿ ಬಂದ ಕೂಡಲೇ ಹಾಲು ಮೊಸರು ಬಿಡಿಸುವುದು ಇನ್ನೂ ದೊಡ್ಡ ತಪ್ಪು. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಹೊರಹಾಕುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಬಿಡಿ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಕ್ಕೆ ಬರುತ್ತದೆ. ಇಟಲಿಯ ಬೋರ್ಗಿ ಮತ್ತು ಸಂಗಡಿಗರು 2002ರಲ್ಲಿ ಇದನ್ನು ತೋರಿಸಿಕೊಟ್ಟರು. ಐದು ವರ್ಷದಲ್ಲಿ, ಕ್ಯಾಲ್ಸಿಯಂ ಕಡಿಮೆ ಮಾಡಿದವರಲ್ಲಿ 38 ಶೇಕಡಾ ಜನರಿಗೆ ಕಲ್ಲು ಮರಳಿತು. ಕ್ಯಾಲ್ಸಿಯಂ ಬಿಡದೆ ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದವರಲ್ಲಿ 20 ಶೇಕಡಾ. ಅದೇ ತಂಡ 1996ರಲ್ಲಿ ನೀರಿನ ಬಗ್ಗೆ ನಡೆಸಿದ ಅಧ್ಯಯನದಲ್ಲಿ, ಹೆಚ್ಚು ನೀರು ಕುಡಿದವರಲ್ಲಿ 12 ಶೇಕಡಾ, ಉಳಿದವರಲ್ಲಿ 27 ಶೇಕಡಾ ಜನರಿಗೆ ಕಲ್ಲು ಮರಳಿತ್ತು. ಎಷ್ಟು ಲೋಟ ಕುಡಿದಿರಿ ಎಂಬುದಕ್ಕಿಂತ ದಿನಕ್ಕೆ ಎರಡೂವರೆ ಲೀಟರ್ ಹತ್ತಿರ ಮೂತ್ರ ಹೋಗುತ್ತಿದೆಯೇ ಎಂಬುದು ಮುಖ್ಯ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರಿಗೆ ಅಷ್ಟು ಮೂತ್ರ ಹೋಗಬೇಕಾದರೆ ಮೂರು ಲೀಟರ್ ನೀರು ಸಾಲದು.

ತೆಗೆದ ಕಲ್ಲು ಎಲ್ಲಿಗೆ ಹೋಗಬೇಕು

ಹೊರತೆಗೆದ ಕಲ್ಲನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಮನೆಯವರ ಕೈಗೆ ಕೊಡುವ ರೂಢಿ ನಮ್ಮಲ್ಲಿದೆ. ಅವರು ಫೋಟೊ ತೆಗೆದು, ನೆಂಟರಿಗೆ ತೋರಿಸಿ, ಕಪಾಟಿನಲ್ಲಿ ಇಡುತ್ತಾರೆ. ಅದು ಹೋಗಬೇಕಾದ್ದು ಲ್ಯಾಬಿಗೆ. ಕಲ್ಲಿನ ರಾಸಾಯನಿಕ ವಿಶ್ಲೇಷಣೆಯಿಂದ ಮುಂದಿನ ಚಿಕಿತ್ಸೆಯ ದಿಕ್ಕು ಸಿಗುತ್ತದೆ. ಯೂರಿಕ್ ಆಮ್ಲ ಎಂದು ಬಂದರೆ ಮುಂದಿನ ಕಲ್ಲನ್ನು ಮಾತ್ರೆಯಿಂದಲೇ ತಡೆಯಬಹುದು. ಸ್ಟ್ರುವೈಟ್ ಎಂದರೆ ತಿಂಗಳುಗಟ್ಟಲೆ ಮೂತ್ರದ ಕಲ್ಚರ್ ನೋಡುತ್ತಿರಬೇಕು. ಕ್ಯಾಲ್ಸಿಯಂ ಫಾಸ್ಫೇಟ್ ಎಂದರೆ, ಕುತ್ತಿಗೆಯಲ್ಲಿದ್ದು ರಕ್ತದ ಕ್ಯಾಲ್ಸಿಯಂ ಅನ್ನು ಹತೋಟಿಯಲ್ಲಿಡುವ ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆ ಅಥವಾ ಮೂತ್ರಪಿಂಡದ ನಾಳಗಳ ಆಮ್ಲದೋಷ ಇರಬಹುದೇ ಎಂದು ಹುಡುಕಬೇಕು. ಪ್ಯಾರಾಥೈರಾಯ್ಡ್ ಗ್ರಂಥಿಯಲ್ಲಿ ಗಡ್ಡೆ ಇದ್ದು ಅದನ್ನು ತೆಗೆಯದೆ ಬಿಟ್ಟರೆ, ಮೂತ್ರಪಿಂಡದ ಆಪರೇಷನ್ ಎಷ್ಟು ಸಲ ಮಾಡಿದರೂ ಕಲ್ಲು ಬರುತ್ತಲೇ ಇರುತ್ತದೆ.

ಮಕ್ಕಳಲ್ಲಿ ಕಲ್ಲು ಕಂಡರೆ ಈ ಹುಡುಕಾಟ ಇನ್ನೂ ಅಗತ್ಯ. ಸಿಸ್ಟೀನ್ ಕಲ್ಲು ವಂಶವಾಹಿಯಿಂದ ಬರುವಂಥದ್ದು. ಪ್ರೈಮರಿ ಹೈಪರ್‌ಆಕ್ಸಲೂರಿಯಾ ಎಂಬ ಇನ್ನೊಂದು ಆನುವಂಶಿಕ ಕಾಯಿಲೆಯ ಮೊದಲ ವಿಧದಲ್ಲಿ ದೋಷ ಇರುವುದು ಯಕೃತ್ತಿನಲ್ಲಿ. ಅದು ಆಕ್ಸಲೇಟನ್ನು ಮಿತಿಮೀರಿ ತಯಾರಿಸಿ ಮೂತ್ರಪಿಂಡವನ್ನು ಹಾಳುಗೆಡವುತ್ತದೆ. ಕಾರಣ ತಿಳಿಯದೆ ಬರೀ ಮೂತ್ರಪಿಂಡ ಕಸಿ ಮಾಡಿದರೆ ಹೊಸದೂ ಹಾಳಾಗುತ್ತದೆ. ಅದಕ್ಕೆಂದೇ ತಯಾರಾದ ಲುಮಾಸಿರಾನ್ ಔಷಧಿಗೆ 2020ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಅನುಮತಿ ಸಿಕ್ಕಿದೆ, ಬೆಲೆ ಮಾತ್ರ ಸಾಮಾನ್ಯರ ಕೈಗೆಟುಕುವಂಥದ್ದಲ್ಲ.

ತಡೆಗಟ್ಟುವ ಔಷಧಿಗಳ ವಿಷಯದಲ್ಲಿ ವೈದ್ಯಲೋಕ ತನ್ನ ಹಳೆಯ ನಂಬಿಕೆಯನ್ನೂ ಮರುಪರೀಕ್ಷಿಸುತ್ತಿದೆ. ಕ್ಯಾಲ್ಸಿಯಂ ಕಲ್ಲು ಮರುಕಳಿಸದಂತೆ ದಶಕಗಳಿಂದ ಕೊಡುತ್ತಿದ್ದ ಹೈಡ್ರೋಕ್ಲೋರೋಥಯಾಜೈಡ್ ಮಾತ್ರೆಯನ್ನು ಸ್ವಿಟ್ಜರ್ಲೆಂಡಿನಲ್ಲಿ 416 ರೋಗಿಗಳ ಮೇಲೆ ಪರೀಕ್ಷಿಸಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ಹುಸಿಮಾತ್ರೆ ತೆಗೆದುಕೊಂಡವರಿಗಿಂತ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆ ರೋಗಿಗಳು ಉಪ್ಪು ಕಡಿಮೆ ಮಾಡಿರಲಿಲ್ಲ, ಹಾಗಾಗಿ ಮಾತ್ರೆ ಕೆಲಸ ಮಾಡಲಿಲ್ಲ ಎನ್ನುವವರಿದ್ದಾರೆ. ಅದು ನಿಜವಾದರೂ, ಉಪ್ಪು ಬಿಡದೆ ಬರೀ ಮಾತ್ರೆ ನುಂಗಿದರೆ ಉಪಯೋಗವಿಲ್ಲ ಎಂದೇ ಆಗುತ್ತದೆ.

ಜಟಿಲ ಕಲ್ಲಿನ ಆಪರೇಷನ್ ಆದವರು ವೈದ್ಯರು ಹೇಳಿದ ಹೊತ್ತಿಗೆ ಸ್ಕ್ಯಾನ್ ಮಾಡಿಸಿ ಚೂರು ಉಳಿದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಗಾಯ ಮಾಗಿ ಮೊದಲಿನ ಊಟ, ಕೆಲಸಕ್ಕೆ ಮರಳಿದ ಮೇಲೆ 24 ಗಂಟೆಯ ಮೂತ್ರ ಸಂಗ್ರಹಿಸಿ ಅದರಲ್ಲಿನ ಕ್ಯಾಲ್ಸಿಯಂ, ಆಕ್ಸಲೇಟ್, ಸಿಟ್ರೇಟ್, ಯೂರಿಕ್ ಆಮ್ಲ, ಸೋಡಿಯಂ ಅಳೆಸಬೇಕು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರಪಿಂಡಕ್ಕೆಂದೇ ಸರ್ಕಾರಿ ಸಂಸ್ಥೆಯಿದೆ. ಆದರೆ ಬೀದರ್ ಅಥವಾ ಚಾಮರಾಜನಗರದ ಹಳ್ಳಿಯಿಂದ ಆಪರೇಷನ್ನಿಗೆ ಬಂದು ಹೋದವರು ಒಂದು ದಿನದ ಮೂತ್ರದ ಕ್ಯಾನು ಹೊತ್ತು ಮತ್ತೆ ಬೆಂಗಳೂರಿಗೆ ಬರುವುದು ಕಷ್ಟ. ಈ ಮೂತ್ರ ಪರೀಕ್ಷೆ ಮತ್ತು ಕಲ್ಲಿನ ವಿಶ್ಲೇಷಣೆ ಎರಡೂ ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲೇ ಆಗುವಂತಾದರೆ ಎರಡನೆಯ, ಮೂರನೆಯ ಆಪರೇಷನ್ನಿಗೆ ಬರುವವರ ಸಂಖ್ಯೆ ಇಳಿಯುತ್ತದೆ.